ಎರೆಮಣ್ಣಿನ ಪಂದ್ಯವೂ ಹಳೆಯ ಯೆಜ್ಡಿಯೂ

"ಸೈಲೆನ್ಸರ್ ಒಳಗಿನ ಜಾಳಿಗಿ ತಗದ ಒಗದ್ರ ಗಾಡಿ ಹಾರ್ತದ್ರಿ" ಎಂಬ ಮಾತು ನಮ್ಮ ಹುಬ್ಬಳ್ಳಿ–ಧಾರವಾಡದ ಗ್ಯಾರೇಜುಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಹಳೆಯ ಯೆಜ್ಡಿಯನ್ನೋ ಯಮಹಾ ಆರ್‌ಎಕ್ಸ್ 100 ಗಾಡಿಯನ್ನೋ ಮಣ್ಣಿನ ಪಂದ್ಯಕ್ಕೆ ಸಜ್ಜುಗೊಳಿಸಲು ಹೊರಟ ತರುಣನು ಮೊತ್ತಮೊದಲು ಕೈಯಿಕ್ಕುವುದು ಆ ಜಾಳಿಗೆಗೇ. ಶಬ್ದವೇರಿದೊಡನೆ ಶಕ್ತಿಯೂ ಏರಿತೆಂದು ಕಿವಿ ನಂಬುತ್ತದೆ. ಗಾಡಿ ಮಾತ್ರ ತಿರುವಿನಿಂದ ಹೊರಬರುವಾಗ ಹಿಂದಿಗಿಂತ ಮಂದವಾಗಿರುತ್ತದೆ. ಆ ಮಾಂದ್ಯಕ್ಕೆ ಕಾರಣವನ್ನು ಕಾರ್ಬುರೇಟರಿನಲ್ಲಿ ಹುಡುಕುತ್ತ, ಒಂದರ ಮೇಲೊಂದು ಅಂಗವನ್ನು ಕೊರೆದು, ತೀಡಿ, ಕೊನೆಗೆ ಮರಳಿ ಸಿಗಲಾರದ ಯಂತ್ರವೊಂದನ್ನು ಕೆಡಿಸುವುದೇ ಬಹುಮಟ್ಟಿಗೆ ಮುಂದಿನ ಕಥೆಯಾಗುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯ ದಾರಿಯನ್ನು ಮುಚ್ಚಲು ವಾಲ್ವುಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಸಿಲಿಂಡರಿನ ಗೋಡೆಯ ದ್ವಾರಗಳನ್ನು ತೆರೆದು ಮುಚ್ಚುತ್ತದೆ. ಹೊಸ ಪೆಟ್ರೋಲ್‌ಮಿಶ್ರಿತ ವಾಯು ಒಳಬರುವ ವೇಳೆಗೆ ಹೊಗೆಯ ದ್ವಾರವಿನ್ನೂ ತೆರೆದೇ ಇರುವುದರಿಂದ ಅದರಲ್ಲೊಂದಂಶ ಉರಿಯದೆಯೇ ಹೊರಗೋಡುತ್ತದೆ. ಈ ನಷ್ಟವನ್ನು ತಡೆಯುವುದು ಹೊಗೆ ಹೊರಹೋಗುವ ನಳಿಕೆಯ ಆಕಾರ. ಎಂಜಿನ್ನಿನಿಂದ ಹೊರಟ ಒತ್ತಡದ ಅಲೆಯು ನಳಿಕೆ ಹಿಗ್ಗುವಲ್ಲಿ ಹಿಂದೆ ಸೆಳೆತವನ್ನುಂಟುಮಾಡಿ ಸಿಲಿಂಡರನ್ನು ಬರಿದುಗೊಳಿಸುತ್ತದೆ. ಕುಗ್ಗುವಲ್ಲಿ ಪ್ರತಿಫಲಿಸಿ ಮರಳಿ ಬಂದು, ಓಡಿಹೋಗುತ್ತಿದ್ದ ಮಿಶ್ರಣವನ್ನು ದ್ವಾರ ಮುಚ್ಚುವ ಮುನ್ನ ಒಳಕ್ಕೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಸಂಸ್ಥೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಈ ತತ್ತ್ವವನ್ನು 1950ರ ದಶಕದಲ್ಲಿ ಪರಿಷ್ಕರಿಸಿ, 1961ರ ಹೊತ್ತಿಗೆ 125 ಸಿಸಿಯ ಪುಟ್ಟ ಯಂತ್ರದಿಂದ 25 ಅಶ್ವಶಕ್ತಿಯನ್ನು, ಅಂದರೆ ಎಂಜಿನ್ ಗಾತ್ರದ ಲೀಟರಿಗೆ 200ರ ಪ್ರಮಾಣವನ್ನು, ಸಾಧಿಸಿದನು. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಸುಜುಕಿಯನ್ನು ಸೇರಿದಾಗ ಈ ವಿದ್ಯೆಯೂ ಅವನೊಡನೆ ಜಪಾನಿಗೆ ಹೋಯಿತು.

ಇದರ ಗಣಿತ ಕಠಿಣವಲ್ಲ. ನಿಮಿಷಕ್ಕೆ 7,500 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿಗೆ ಹಿಡಿಯುವುದು ಸೆಕೆಂಡಿನ ಸಾವಿರ ಭಾಗಗಳಲ್ಲಿ 8. ಹೊಗೆಯ ದ್ವಾರ ಅದರ ಅರ್ಧಕಾಲ ತೆರೆದಿರುತ್ತದೆ ಎಂದುಕೊಂಡರೆ ಅಲೆಗೆ ದೊರೆಯುವುದು 4 ಭಾಗ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಆದುದರಿಂದ ಹೋಗಿಬರುವ ಹಾದಿ 2 ಮೀಟರ್, ಎಂದರೆ ಪ್ರತಿಫಲಿಸುವ ಗೋಡೆ ಎಂಜಿನ್ನಿನಿಂದ ಸುಮಾರು 1 ಮೀಟರ್ ದೂರವಿರತಕ್ಕದ್ದು. ಅದೇ 5,000 ಸುತ್ತಿಗೆ ಈ ದೂರ ಒಂದೂವರೆ ಮೀಟರಾಗುತ್ತದೆ. ಆದುದರಿಂದ ಎಲ್ಲ ವೇಗಕ್ಕೂ ಒಪ್ಪುವ ನಳಿಕೆಯೆಂಬುದಿಲ್ಲ. ಒಳಭಾಗವನ್ನು ಕಿತ್ತೊಗೆದ ಸೈಲೆನ್ಸರಿನಲ್ಲಂತೂ ಮರಳುವ ಅಲೆ ದುರ್ಬಲವಾಗುತ್ತದೆ, ಇಲ್ಲವೆ ಅಕಾಲದಲ್ಲಿ ಬಂದು ಮುಟ್ಟುತ್ತದೆ. ಹೊರಗೆ ಕೇಳುವ ಆರ್ಭಟವು ಒಳಗೆ ಕೆಲಸಮಾಡಬೇಕಾಗಿದ್ದ ಶಕ್ತಿಯ ಪೋಲೇ ಹೊರತು ಬೇರೇನಲ್ಲ.

ಯೆಜ್ಡಿಯ ವಿಷಯದಲ್ಲಿ ಇನ್ನೊಂದು ನಂಬಿಕೆಯಿದೆ: ಮಣ್ಣಿನ ಪಂದ್ಯದಲ್ಲಿ ಜಗತ್ತನ್ನೇ ಗೆದ್ದ ಯಂತ್ರ ಇದೇ ಎಂಬುದು. ಗೆದ್ದುದು ನಿಜ, ಗೆದ್ದ ಯಂತ್ರ ಮಾತ್ರ ಬೇರೆ. ಚೆಕೊಸ್ಲೊವಾಕಿಯಾದ ಸ್ಟ್ರಾಕೊನಿತ್ಸೆಯ ಸಿಜೆಡ್ ಕಾರ್ಖಾನೆಯ 250 ಸಿಸಿ ಮೋಟೊಕ್ರಾಸ್ ಗಾಡಿಯಲ್ಲಿ ಬೆಲ್ಜಿಯಂನ ಜೋಯೆಲ್ ರೋಬೆರ್ 1964ರಲ್ಲಿ ವಿಶ್ವವಿಜೇತನಾದನು. 500 ಸಿಸಿ ವಿಭಾಗದಲ್ಲಿ ಅದೇ ಕಾರ್ಖಾನೆಯ ಗಾಡಿಯ ಮೇಲೆ ಪೌಲ್ ಫ್ರೀಡ್ರಿಕ್ಸ್ 1966ರಿಂದ ಮೂರು ವರ್ಷ ಎಡೆಬಿಡದೆ ಗೆದ್ದನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಹೆಸರಿನಲ್ಲೂ, 1973ರಿಂದ ಯೆಜ್ಡಿ ಹೆಸರಿನಲ್ಲೂ ನಿರ್ಮಿಸಿದ್ದು ಅದೇ ದೇಶದ ಪರಂಪರೆಗೆ ಸೇರಿದ, ಆದರೆ ಇಬ್ಬರು ಕುಳಿತು ಊರಿಂದೂರಿಗೆ ಸುಖವಾಗಿ ಸಾಗಲೆಂದು ರೂಪಿಸಿದ ರಸ್ತೆಯ ವಾಹನ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕಿನ ಆ ಎಂಜಿನ್ನಿನ ಗುಣವಿರುವುದು ಕೆಳವೇಗದ ಸೆಳೆತದಲ್ಲಿ. ಸಡಿಲ ಮಣ್ಣಿನಲ್ಲಿ ಚಕ್ರವನ್ನು ಜಾರಗೊಡದೆ ಮುಂದೊಯ್ಯುವ ಆ ಸೆಳೆತವೇ ಅದರ ಆಸ್ತಿಯಾಗಿರುವಾಗ, ಅದನ್ನು ಕಳೆದು ಮೇಲ್ವೇಗದ ಯಂತ್ರವನ್ನಾಗಿಸುವ ಹಟ ನನಗೆ ಎಂದೂ ಸರಿಯೆನಿಸಿಲ್ಲ.

ಬೋರ್ ಹಿಗ್ಗಿಸಿದರೆ ಗಾಡಿ ಓಡುವುದೆಂಬ ಭ್ರಮೆಯೂ ಈ ಹಟದ ಕೂಸೇ. ಗೋಕುಲ ರಸ್ತೆಯ ಔದ್ಯೋಗಿಕ ವಸಾಹತುವುಳ್ಳ ನಮ್ಮ ಊರಿನಲ್ಲಿ ಲೇತಿನ ಮೇಲೆ ಕೂದಲೆಳೆಯ ನಿಖರತೆಯಿಂದ ಕೆಲಸ ಮಾಡುವ ಕುಶಲಿಗಳಿಗೆ ಕೊರತೆಯಿಲ್ಲ. ಆದರೆ ಆರ್‌ಎಕ್ಸ್ 100ರ 50 ಮಿ.ಮೀ. ಬೋರನ್ನು 51ಕ್ಕೆ ಏರಿಸಿದರೂ ದೊರೆಯುವುದು ಸುಮಾರು 4 ಸಿಸಿ ಮಾತ್ರ. ಅದೇ ಹೊಗೆಯ ದ್ವಾರದ ಮೇಲಂಚನ್ನು ಅರದಿಂದ 1 ಮಿ.ಮೀ. ತೀಡಿದರೆ, ದ್ವಾರ ತೆರೆದಿರುವ ಅವಧಿ ಕ್ರ್ಯಾಂಕಿನ ಸುತ್ತಿನಲ್ಲಿ ಸುಮಾರು 5 ಡಿಗ್ರಿ ಹೆಚ್ಚಿ, ಎಂಜಿನ್ನಿನ ಸ್ವಭಾವವೇ ಬದಲಾಗಿ, ಬಲವೆಲ್ಲ ಮೇಲ್ವೇಗಕ್ಕೆ ಸರಿದುಬಿಡುತ್ತದೆ. ತೀಡಿದ ಲೋಹ ಮರಳಿ ಬೆಳೆಯದು; ಮೈಸೂರಿನ ಕಾರ್ಖಾನೆಯಾದರೋ 1996ರಲ್ಲೇ ಮುಚ್ಚಿದೆ. ಅರ ಹಿಡಿಯುವ ಮೊದಲು ದ್ವಾರಗಳ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳದವನು ಆ ಕೆಲಸಕ್ಕೆ ಇಳಿಯಲೇಬಾರದೆಂದು ನಾನು ನಿಷ್ಠುರವಾಗಿಯೇ ಹೇಳುತ್ತೇನೆ.

ಎಣ್ಣೆ ಹೆಚ್ಚು ಸುರಿದಷ್ಟೂ ಎಂಜಿನ್ ತಂಪಾಗಿರುವುದೆಂಬುದು ಮತ್ತೊಂದು ನಂಬಿಕೆ. 5 ಲೀಟರ್ ಪೆಟ್ರೋಲಿಗೆ 250 ಮಿ.ಲೀ. ಹಾಕಬೇಕಾದಲ್ಲಿ 400 ಹಾಕಿದರೆ, ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ರಂಧ್ರ ದೊಡ್ಡದಾಗದೆ ಇರುವುದರಿಂದ ಎಣ್ಣೆ ಹೆಚ್ಚಿದಷ್ಟು ಪೆಟ್ರೋಲ್ ಕಡಿಮೆಯಾಗುತ್ತದೆ. ದಪ್ಪವಾದ ದ್ರವ ಹರಿಯುವುದೂ ನಿಧಾನ. ಹೀಗೆ ಪೆಟ್ರೋಲ್ ಸಾಲದೆ, ತಂಪಾಗಬೇಕಾದುದು ಕಾಯುತ್ತದೆ. ಉಳಿದ ಎಣ್ಣೆ ಮಸಿಯಾಗಿ ಹೊಗೆಯ ದ್ವಾರಕ್ಕೆ ಕಟ್ಟುತ್ತದೆ. ಹಿಂದಿನ ಪಂದ್ಯಗಾರರು ಔಡಲೆಣ್ಣೆ ಬಳಸುತ್ತಿದ್ದರೆಂದು ಕೇಳಿ ಗಾಣದ ಎಣ್ಣೆಯನ್ನೇ ಬೆರೆಸಲು ಹೊರಡುವವರುಂಟು. ಔಡಲೆಣ್ಣೆಯ ಪದರ ತೀವ್ರ ಶಾಖದಲ್ಲೂ ಒಡೆಯದೆಂಬುದು ಸತ್ಯವೇ. ಆದರೆ ಪಂದ್ಯಕ್ಕೆಂದು ಸಂಸ್ಕರಿಸಿದ ಎಣ್ಣೆ ಬೇರೆ, ಗಾಣದ್ದು ಬೇರೆ. ಸಂಸ್ಕರಿಸಿದುದೂ ಪಿಸ್ಟನ್ ರಿಂಗಿನ ಸಂದಿಯಲ್ಲಿ ಅಂಟು ಬಿಡುತ್ತದೆ.

ಜೆಟ್ಟಿನ ಸಂಗತಿಯಲ್ಲಿ ನಮ್ಮ ಊರಿನ ಹವೆಗೆ ವಿಶೇಷ ಪಾತ್ರವಿದೆ. ಕರಾವಳಿಯಲ್ಲಿ ಸರಿಹೊಂದಿದ ಜೆಟ್, ಘಟ್ಟವೇರಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಹುಬ್ಬಳ್ಳಿಗೆ ಬಂದಾಗ ಹೊಂದದೆಂಬುದನ್ನು ಹಲವರು ಬಲ್ಲರು. ಇಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 6ರಷ್ಟು ಕಡಿಮೆ. ಆದರೆ ಜನವರಿಯ 15 ಡಿಗ್ರಿಯ ಬೆಳಗಿಗೂ ಏಪ್ರಿಲಿನ 38 ಡಿಗ್ರಿಯ ನಡುಹಗಲಿಗೂ ನಡುವಣ ಸಾಂದ್ರತೆಯ ಅಂತರ ಶೇ. 7ರಷ್ಟಿದೆಯೆಂಬುದು, ಎಂದರೆ ಊರು ಬಿಟ್ಟು ಕದಲದ ಗಾಡಿಯೂ ಋತುಮಾನದೊಡನೆ ಒಂದು ಘಟ್ಟವನ್ನು ಹತ್ತಿಳಿಯುತ್ತದೆಯೆಂಬುದು, ಬಹುಜನರ ಲಕ್ಷ್ಯಕ್ಕೆ ಬಂದಿಲ್ಲ. ಬೇಸಿಗೆಯಲ್ಲಿ ಕೂಡಿಸಿದ ಜೆಟ್ಟನ್ನೇ ಇಟ್ಟುಕೊಂಡು ಚಳಿಗಾಲದ ಮುಂಜಾವಿನಲ್ಲಿ ಪೂರ್ಣ ಆಕ್ಸಿಲರೇಟರ್ ಕೊಟ್ಟರೆ ಪೆಟ್ರೋಲ್ ಸಾಲದೆ ಪಿಸ್ಟನ್ ಸೀಜ್ ಆಗುವ ಅಪಾಯವುಂಟು. ಇದಕ್ಕೆಲ್ಲ ಮೇನ್ ಜೆಟ್ ಒಂದನ್ನೇ ದೊಡ್ಡದು ಮಾಡುವುದು ಪರಿಹಾರವೂ ಅಲ್ಲ. ಮಣ್ಣಿನ ತಿರುವುಗಳಲ್ಲಿ ಸವಾರನು ಬಹುಕಾಲ ಅರ್ಧ ಆಕ್ಸಿಲರೇಟರಿನಲ್ಲಿರುವುದರಿಂದ ಅಲ್ಲಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಕಾರ್ಬುರೇಟರಿನ ಸೂಜಿ.

ಜಿಗಿತಕ್ಕೆ ಗಡುಸು ಸ್ಪ್ರಿಂಗ್ ಬೇಕೆಂಬ ಮಾತನ್ನೂ ಹೇಳಿಬಿಡುವೆ. 1973ರಲ್ಲಿ ಹೋಕನ್ ಆಂಡರ್ಸನ್ ಎಂಬ ಸವಾರನು ಯಮಹಾದ ಮೋನೋಶಾಕ್ (ಹಿಂದೆ ಒಂದೇ ಶಾಕ್ ಇರುವ) ಗಾಡಿಯಲ್ಲಿ 250 ಸಿಸಿ ಮೋಟೊಕ್ರಾಸ್ ವಿಶ್ವಪ್ರಶಸ್ತಿ ಗೆದ್ದ ಮೇಲೆಯೇ ಹಿಂಚಕ್ರದ ಮೇಲೆ ಕೆಳಗಿನ ಚಲನೆ ಬೆಳೆಯತೊಡಗಿದ್ದು. ಅದಕ್ಕೆ ಮುಂಚಿನ ಗಾಡಿಗಳಲ್ಲಿ ಅದು ಸುಮಾರು 100 ಮಿ.ಮೀ. ಅಷ್ಟರಲ್ಲೇ ಚಕ್ರ ನೆಲ ಬಿಡದಂತೆ ಮಾಡಲು ಬೇಕಾದುದು ಮೃದುತ್ವ ಮತ್ತು ಒಳ್ಳೆಯ ಡ್ಯಾಂಪಿಂಗ್. ಗಡುಸಾದರೆ ಚಕ್ರ ಗಾಳಿಯಲ್ಲಿ ತಿರುಗುತ್ತದೆ.

ಕೊನೆಯದಾಗಿ ಏರ್ ಫಿಲ್ಟರ್. ಅದನ್ನು ತೆಗೆದರೆ ಎಂಜಿನ್ ಸರಾಗವಾಗಿ ಉಸಿರಾಡುವುದೆಂದು ನಂಬಿ ತೆಗೆಯುವವರು, ಪೂರ್ವಕ್ಕೆ ನವಲಗುಂದದತ್ತ ಎರೆಮಣ್ಣಿನ ನುಣ್ಣನೆಯ ಧೂಳನ್ನೂ, ಪಶ್ಚಿಮಕ್ಕೆ ಕಲಘಟಗಿಯತ್ತ ಕೆಂಪು ಮೊರಮಿನ ಗರಸನ್ನೂ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಕಳಿಸುತ್ತಾರೆ. ಟೂ ಸ್ಟ್ರೋಕಿನಲ್ಲಿ ಒಳಬರುವ ಗಾಳಿ ಬೇರಿಂಗುಗಳನ್ನು ದಾಟಿಯೇ ಮೇಲೇರಬೇಕು. ಹಳೆಯ ಯಂತ್ರದಲ್ಲಿ ಗಾಳಿ ಕಳ್ಳದಾರಿಯಿಂದ ನುಗ್ಗುವ ಇನ್ನೊಂದು ಸ್ಥಾನ ಕ್ರ್ಯಾಂಕಿನ ಎರಡೂ ತುದಿಯ ರಬ್ಬರ್ ಸೀಲುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಣಗಿ ಬಿರಿದಿರುತ್ತವೆ. ಅಂಥ ಎಂಜಿನ್ನಿಗೆ ಯಾವ ಜೆಟ್ ಹಾಕಿದರೂ ಹೊಂದದು. ಆದುದರಿಂದ ಹಳೆಯ ಯೆಜ್ಡಿಯನ್ನು ಪಂದ್ಯಕ್ಕೆ ತರುವವನು ಮೊದಲು ಸೀಲುಗಳನ್ನು ಬದಲಿಸಿ, ಎಣ್ಣೆ ಸವರಿದ ಫೋಮ್ ಫಿಲ್ಟರನ್ನು ಕೂಡಿಸಿ, ಕಂಪನಿಯ ಸೈಲೆನ್ಸರುಗಳನ್ನು ಮಸಿ ತೆಗೆದು ಮರಳಿ ಕಟ್ಟಿ, ಒಂದು ಸುತ್ತು ಓಡಿಸಿ, ಪ್ಲಗ್ ಬಿಚ್ಚಿ ನೋಡಲಿ: ಅದು ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಪ್ಪಗೆ ಒದ್ದೆಯಾಗಿದ್ದರೆ ಹೆಚ್ಚಾಗಿದೆ, ಕಂದುಬಣ್ಣದ್ದಾಗಿದ್ದರೆ ಅರವನ್ನು ಪೆಟ್ಟಿಗೆಯಲ್ಲೇ ಇಟ್ಟು ಅಭ್ಯಾಸಕ್ಕೆ ಹೊರಡಬಹುದು.