ಲ್ಯಾಬ್ ಹೇಳದ್ದನ್ನು ಕರ್ಚೀಫು ಹೇಳುತ್ತದೆ

ನಂಜನಗೂಡಿನ ಊಟಿ ರಸ್ತೆಯ ಪಂಚರ್ ಅಂಗಡಿಯ ಸಲ್ಯೂಷನ್, ತಿ. ನರಸೀಪುರದ ಸ್ಟೇಷನರಿ ಅಂಗಡಿಯ ವೈಟ್ನರ್, ಬಣ್ಣದಂಗಡಿಯ ಥಿನ್ನರ್: ಇವನ್ನು ಕೊಳ್ಳುವ ಮಗುವನ್ನು ಯಾರೂ ತಿರುಗಿ ನೋಡುವುದಿಲ್ಲ. ಗಾಂಜಾದಂತೆ ಇವು ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವುದೂ ಇಲ್ಲ. ಆದರೆ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಅಮಲು ಇಂಥವನ್ನು ಮೂಸುವುದೊಂದೇ: 10ರಿಂದ 17 ವಯಸ್ಸಿನವರಲ್ಲಿ ಶೇ 1.17, ವಯಸ್ಕರಲ್ಲಿ ಶೇ 0.58. ಹೀಗಿದ್ದೂ ಇದನ್ನು ಪತ್ತೆಹಚ್ಚುವ ಹೊಣೆಯನ್ನು ನಾವು ಪ್ರಯೋಗಾಲಯಕ್ಕೆ ಒಪ್ಪಿಸಿ ಕೂತಿದ್ದೇವೆ.

ಪ್ರಯೋಗಾಲಯಕ್ಕೆ ಆ ಶಕ್ತಿ ಇಲ್ಲ. ಮೂತ್ರ ತಪಾಸಣೆಯ ಸಾಮಾನ್ಯ ಕಿಟ್ ಗಾಂಜಾವನ್ನೋ ಅಫೀಮನ್ನೋ ಹಿಡಿದೀತು. ಥಿನ್ನರ್‌ನ ಟಾಲ್ಯೂಯಿನ್ ಅದಕ್ಕೆ ಸಿಗದು. ಟಾಲ್ಯೂಯಿನ್ ದೇಹದೊಳಗೆ ಹಿಪ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬೀಳುತ್ತದೆ, ನಿಜ. ಆದರೆ ಸಾಸ್, ತಂಪುಪಾನೀಯ ಕೆಡದಂತೆ ಹಾಕುವ ಬೆಂಜೋಯೇಟ್‌ನಿಂದಲೂ ಅದೇ ಆಮ್ಲ ಬರುತ್ತದೆ. ಕೊನೆಗೆ ಉಳಿಯುವುದು ಮೂಗು, ಕಣ್ಣು ಮತ್ತು ಒಂದು ಪ್ರಶ್ನೆ. ಕರ್ಚೀಫಿನಲ್ಲಿ ಪೇಂಟಿನ ವಾಸನೆ, ಬಾಯಿ ಮೂಗಿನ ಸುತ್ತ ಒಣಗಿ ಕೆಂಪಾದ ಚರ್ಮ, ಬೆರಳಿಗಂಟಿದ ಬಿಳಿ ಕಲೆ, ಕುಡಿದವರಂತೆ ತೊದಲಿ ಸ್ವಲ್ಪ ಹೊತ್ತಿಗೇ ಸರಿಯಾಗುವ ಮಾತು. ಇನ್ನೊಂದು ಮುಖ ಇನ್ನೂ ಮೋಸದ್ದು. ಹದಿನಾರರ ಹುಡುಗನೊಬ್ಬ ಕಾಲು ಸೋತು ತಾಲ್ಲೂಕು ಆಸ್ಪತ್ರೆಗೆ ಬಂದನೆನ್ನಿ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆ, ಆಮ್ಲತೆ ಏರಿದೆ. ಪೊಟ್ಯಾಸಿಯಂ ಕೊಟ್ಟರೆ ಎದ್ದು ನಡೆದಾನು, ಮನೆಗೂ ಹೋದಾನು. ಟಾಲ್ಯೂಯಿನ್ ಮೂತ್ರಪಿಂಡವನ್ನು ಕೆಡಿಸಿ ಹೀಗೆ ಮಾಡಬಲ್ಲದೆಂದು ಯಾರಿಗೂ ಹೊಳೆಯದಿದ್ದರೆ ಅವನು ಮತ್ತೆ ಬರುತ್ತಾನೆ. ವರ್ಷಗಟ್ಟಲೆ ಮೂಸಿದ ಮೇಲೆ ಮಿದುಳಿನ ಬಿಳಿಭಾಗಕ್ಕಾದ ಹಾನಿ ಎಂಆರ್‌ಐನಲ್ಲಿ ಕಂಡೀತು. ಅಷ್ಟು ಹೊತ್ತಿಗೆ ಮರಳಿ ಪಡೆಯಲು ಉಳಿದಿರುವುದು ಕಡಿಮೆ.

ಪಂಚರ್ ಅಂಗಡಿಯಲ್ಲಿ ದುಡಿಯುವ ಹುಡುಗನ ಬಟ್ಟೆ ಅದೇ ವಾಸನೆ ಹೊಡೆಯುವುದಿಲ್ಲವೇ ಎಂದು ಕೇಳಬಹುದು. ಹೊಡೆಯುತ್ತದೆ. ಅದಕ್ಕೇ ಒಂದು ಲಕ್ಷಣ ನೋಡಿ ತೀರ್ಪು ಕೊಡಬಾರದು, ನಾಲ್ಕು ಕೂಡಿದಾಗ ಸುಮ್ಮನಿರಲೂಬಾರದು. ಕೇಳಿದರೆ ಹೇಳಿಕೊಟ್ಟಂತಾಗದೇ ಎಂಬ ಅಳುಕು ಮೇಷ್ಟರುಗಳಿಗಿದೆ. ತುಂಬಿದ ತರಗತಿಯಲ್ಲಿ ಒಂದೊಂದೇ ವಸ್ತುವಿನ ಹೆಸರು ಹೇಳಿದರೆ ಹಾಗಾದೀತು. ಅನುಮಾನ ಬಂದ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ‘ಏನಾದ್ರೂ ಮೂಸ್ತೀಯೇನಪ್ಪ?’ ಎಂದರೆ ಅದು ಪಾಠವಲ್ಲ, ತಪಾಸಣೆ. ಹಿಡಿದು ನಾಲ್ಕು ಬಿಗಿದರೆ ಸರಿಹೋಗುತ್ತಾನೆ ಎನ್ನುವವರ ಮಾತನ್ನು ಮಾತ್ರ ಒಪ್ಪಲಾರೆ. ವೈದ್ಯ ಮಿಲಾರ್ಡ್ ಬ್ಯಾಸ್ 1970ರಲ್ಲಿ ಇಂಥ ಆವಿ ಮೂಸಿದ ಅಮೆರಿಕದ 110 ಯುವಜನರ ಹಠಾತ್ ಸಾವುಗಳನ್ನು ದಾಖಲಿಸಿದರು. ಈ ಆವಿ ತುಂಬಿಕೊಂಡ ಹೃದಯ ಗಾಬರಿಗೆ, ಓಟಕ್ಕೆ ಲಯ ತಪ್ಪಿ ನಿಂತುಬಿಡಬಹುದು. ಮೂಸುತ್ತಿರುವ ಮಗುವನ್ನು ಅಟ್ಟಿಸಿಕೊಂಡು ಹೋಗಬಾರದು, ಗದರಬಾರದು. ಗಾಳಿಯಾಡುವ ಕಡೆ ಕೂರಿಸಿ, ಮೆಲ್ಲಗೆ ಮಾತಾಡಿಸುತ್ತಾ 108ಕ್ಕೆ ಕರೆ ಮಾಡಬೇಕು.