ರಿವಾಲ್ವರಿನ ನಳಿಗೆಯಲ್ಲಿ ಸೀಸದ ಮೆತ್ತು

1786ರಲ್ಲಿ ಟಿಪ್ಪು ಸುಲ್ತಾನನು ಆದವಾನಿಯ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡ ಕಾಲದಲ್ಲಿ ಬಂದೂಕಿನ ಗುಂಡೆಂದರೆ ಎರಕದ ಸೀಸದ ಉಂಡೆ. ಅಂದಿನ ಇಂಗ್ಲಿಷ್ ಬಂದೂಕಿನ ನಳಿಗೆ ಸುಮಾರು 19 ಮಿಲಿಮೀಟರ್ ಅಗಲವಿದ್ದರೆ ಗುಂಡು 17.5 ಮಾತ್ರ, ಮದ್ದಿನ ಮಸಿ ಕಟ್ಟಿದ ನಳಿಗೆಯೊಳಗೂ ಅದು ಇಳಿಯಬೇಕಾಗಿತ್ತು. ರಿವಾಲ್ವರಿನಲ್ಲಾದರೋ ಇಂಥ ಸಡಿಲವೇ ಶತ್ರು.

ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದ 1953ರ ಹಿಂದಿನ ದಿನಗಳ ರಿವಾಲ್ವರೊಂದು ಪರವಾನಗಿ ಸಹಿತವಾಗಿ ಯಾರದಾದರೂ ಮನೆಯಲ್ಲಿದ್ದರೆ, ಅವರು ಈ ವಿಷಯವನ್ನು ತಿಳಿದಿರುವುದು ಲೇಸು.

ಗುಂಡಿನ ವೇಗವೇ ನಳಿಗೆಗೆ ಸೀಸ ಮೆತ್ತುವುದಕ್ಕೆ ಕಾರಣವೆಂದು ಹಲವರ ನಂಬಿಕೆ. ವೇಗವೂ ಒಂದು ಕಾರಣವೇ ಸರಿ. 1880ರ ದಶಕದಲ್ಲಿ ರೈಫಲ್ ಗುಂಡುಗಳಿಗೆ ಲೋಹದ ಕವಚ ಬಂದುದು ಅದಕ್ಕಾಗಿಯೇ. ಆದರೆ ರಿವಾಲ್ವರಿನಲ್ಲಿ ಹೆಚ್ಚಿನ ಪಾಲು ದೋಷ ಅಳತೆಯದು. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಕಿರಿದಾದರೂ ಉರಿಯುವ ಅನಿಲ ಅದರ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ. ಕೊರೆದ ಸೀಸ ನಳಿಗೆಯ ಸುರುಳಿಗೆರೆಗಳಲ್ಲಿ ಬೆಸುಗೆಯಂತೆ ಕೂರುತ್ತದೆ. ಆಂಟಿಮನಿ ಬೆರೆಸಿ ಗುಂಡನ್ನು ಗಟ್ಟಿ ಮಾಡಿದರೆ ತೀರಿತೆಂಬುದೂ ಸರಿಯಲ್ಲ. ಅತಿ ಗಟ್ಟಿಯಾದ ಗುಂಡು ಹಿಗ್ಗಿ ಸಂದನ್ನು ಮುಚ್ಚಲಾರದು.

ಇನ್ನು ಯಂತ್ರದ ಸವೆತ. ಹತ್ತಿ ಜಿನ್ನಿನ ಚರ್ಮದ ರೋಲರಿಗೂ ಅಲಗಿಗೂ ನಡುವಣ ಹೊಂದಿಕೆ ತಪ್ಪಿದರೆ ಅರಳೆ ಕೆಡುವುದನ್ನು ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ರಿವಾಲ್ವರಿನ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಇರಬೇಕಾದ ಸಂದು 0.1ರಿಂದ 0.2 ಮಿಲಿಮೀಟರ್. ಕುದುರೆ ಎಳೆದಾಗಲೆಲ್ಲ ಒಂದು ಚಿಕ್ಕ ಕೊಕ್ಕೆ ಉರುಳೆಯ ಹಲ್ಲನ್ನು ತಳ್ಳುತ್ತದೆ, ಇನ್ನೊಂದು ಗೂಟ ಅದನ್ನು ನೇರಕ್ಕೆ ಹಿಡಿದು ನಿಲ್ಲಿಸುತ್ತದೆ. ಇವೆರಡೂ ಸವೆದರೆ ಗುಂಡಿನ ಮನೆ ನಳಿಗೆಯ ನೇರಕ್ಕೆ ನಿಲ್ಲದು; ಗುಂಡು ಅಂಚಿಗೆ ಉಜ್ಜಿ, ಸೀಸದ ಚೂರು ಸಂದಿನಿಂದ ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವನ ಕಣ್ಣಿಗೆ ಅದು ಸಾಕು. ಅಂಥ ಆಯುಧವನ್ನು ಮತ್ತೆ ಹಾರಿಸಲೇಬಾರದು. ಪರವಾನಗಿಯುಳ್ಳ ಕುಶಲಕರ್ಮಿಗೆ ಒಪ್ಪಿಸಬೇಕು.

ಮೆತ್ತಿದ ಸೀಸ ಕೀಳಲು ಉಕ್ಕಿನ ತಂತಿ, ಮರಳುಕಾಗದ ಬೇಡ. ಸಾವಿರ ಗುಂಡು ಮಾಡದ ಹಾನಿಯನ್ನು ಅವು ಒಂದು ಸಂಜೆಯಲ್ಲಿ ಮಾಡಿಯಾವು. ಕಂಚಿನ ಕುಂಚ, ತಾಮ್ರದ ಜಾಲರಿ ಸಾಕು. ಹಿಂದೆ ಕೆಲವರು ಪಾದರಸ ಸುರಿದು ಸೀಸ ಕರಗಿಸುತ್ತಿದ್ದರು. ಅದು ವಿಷದಿಂದ ವಿಷ ತೆಗೆಯುವ ಕೆಲಸ.

ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುವ ಮಾತೂ ಕಿವಿಗೆ ಬೀಳುವುದುಂಟು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಅಡುಗೆಯ ಒಲೆಯೇ ಸಾಕೆಂಬ ಧೈರ್ಯ! 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅದಕ್ಕಿಂತ ಹತ್ತಿರದ ಭಯ ಮಕ್ಕಳದು. ಸೀಸದ ಧೂಳು ಎಳೆಯ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಇಷ್ಟು ಸೀಸ ನಿರಪಾಯವೆಂಬ ಮಟ್ಟ ಯಾವುದೂ ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಳಿಗೆ ಒರೆಸಿದ ಚಿಂದಿ ಬಟ್ಟೆಯನ್ನು ಅಂಗಳಕ್ಕೆ ಎಸೆಯಬಾರದು, ಮನೆಯ ಬಟ್ಟೆಗಳೊಡನೆ ಒಗೆಯಲೂಬಾರದು. ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆದ ಮೇಲೆಯೇ ಕೂಸನ್ನೆತ್ತಿಕೊಳ್ಳಬೇಕು.