ಹತ್ತು ಚಕ್ರದ ಲಾರಿಗೆ ಹೊಸ ಕಮಾನು

ಲಾರಿಯ ಹಿಂದಿನ ಸಸ್ಪೆನ್ಷನ್ನಿಗೆ ಎರಡು ಕೆಲಸ. ಹೊರೆಯನ್ನು ಚಕ್ರಗಳಿಗೆ ದಾಟಿಸುವುದು ಒಂದು; ಆಕ್ಸಲ್ ಹಿಂದೆ ಮುಂದೆ ಸರಿಯದಂತೆ, ಓರೆಯಾಗದಂತೆ ಚಾಸಿಗೆ ಕಟ್ಟಿಹಾಕುವುದು ಇನ್ನೊಂದು. ಮೊದಲನೆಯದು ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಕಮಾನು ಪಟ್ಟಿ ತುಂಡಾಗಿ ಗಾಡಿ ಒಂದು ಮಗ್ಗುಲಿಗೆ ವಾಲುತ್ತದೆ, ಚಾಲಕ ಜಾಕಿ ಹುಡುಕುತ್ತಾನೆ. ಎರಡನೆಯದು ಸದ್ದಿಲ್ಲದೆ ಕೆಡುತ್ತದೆ. ಟೈರು ಒಂದೇ ಕಡೆ ಸವೆಯುತ್ತದೆ, ಬ್ರಾಕೆಟ್ಟಿನ ಅಂಚಿನಲ್ಲಿ ಕೆಂಪು ಪುಡಿ ಕೂರುತ್ತದೆ. ಆ ಪುಡಿ ಬರೀ ರಸ್ತೆಯ ಧೂಳಲ್ಲ. ಎರಡು ಉಕ್ಕಿನ ಮೈಗಳು ಒಂದಕ್ಕೊಂದು ಉಜ್ಜಿ ಉದುರಿಸಿದ ತುಕ್ಕು.

ಕಮಾನು ಹಳೆಯ ಸರಕು. ಲಂಡನ್ನಿನ ಒಬಾಡಯಾ ಎಲಿಯಟ್ ಕುದುರೆಗಾಡಿಗೆಂದು ಅಂಡಾಕಾರದ ಕಮಾನಿನ ಪೇಟೆಂಟ್ ಪಡೆದದ್ದು 1804ರಲ್ಲಿ. ಲಾರಿಯ ಹಿಂಭಾಗಕ್ಕೆ ಎರಡು ಆಕ್ಸಲ್ ಬಂದಾಗ ಹೊಸ ತೊಡಕು ಎದ್ದಿತು: ಒಂದು ಉಬ್ಬಿನ ಮೇಲೆ ಹತ್ತಿದರೆ ಇನ್ನೊಂದು ಗಾಳಿಯಲ್ಲಿ, ಇಡೀ ಹೊರೆ ಒಂದರ ಮೇಲೆ. ಅಮೆರಿಕದ ಹೆಂಡ್ರಿಕ್ಸನ್ ಕಂಪನಿ 1926ರಲ್ಲಿ ಎರಡೂ ಆಕ್ಸಲ್‌ಗಳನ್ನು ಒಂದು ತೊಲೆಯ ಎರಡು ತುದಿಗೆ ಕಟ್ಟಿ, ತೊಲೆಯ ನಡುವನ್ನು ಚಾಸಿಗೆ ತಿರುಗಣಿಯಾಗಿ ಕೂರಿಸಿತು. ಒಂದು ಏರಿದಷ್ಟು ಇನ್ನೊಂದು ಇಳಿಯುತ್ತದೆ, ಹೊರೆ ಹಂಚಿಹೋಗುತ್ತದೆ. ನಮ್ಮ ಅನೇಕ ಟಿಪ್ಪರ್‌ಗಳಲ್ಲಿ ಈ ಕೆಲಸವನ್ನು ತಲೆಕೆಳಗಾಗಿ ಕೂತ ಕಮಾನು ಕಟ್ಟೇ ಮಾಡುತ್ತದೆ. ಆಕ್ಸಲ್‌ಗಳನ್ನು ಜಾಗದಲ್ಲಿ ಹಿಡಿಯಲು ಬೇರೆ ಟಾರ್ಕ್ ರಾಡ್‌ಗಳಿರುತ್ತವೆ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗಬೇಕು. ಕೇಂದ್ರ ಸರ್ಕಾರ 2018ರಲ್ಲಿ ಜೋಡಿ ಆಕ್ಸಲ್‌ನ ಮಿತಿಯನ್ನು 19 ಟನ್ನಿನಿಂದ 21 ಟನ್ನಿಗೆ ಏರಿಸಿತು. ಅದಕ್ಕೂ ಗ್ಯಾರೇಜಿನಲ್ಲಿ ಎರಡು ಪಟ್ಟಿ ಹೆಚ್ಚಿಗೆ ಸೇರಿಸುವುದಕ್ಕೂ ಸಂಬಂಧವಿಲ್ಲ. ಪಟ್ಟಿ ಗಟ್ಟಿಯಾದರೆ ಆರ್.ಸಿ.ಯಲ್ಲಿ ಬರೆದ ತೂಕ ಏರುವುದಿಲ್ಲ. ಬ್ರೇಕು, ಹಬ್ಬು, ಚಾಸಿ ಯಾವುದೂ ಬಲಿಯುವುದಿಲ್ಲ.

ಹಳೆಯದನ್ನು ಬಿಚ್ಚುವುದರಲ್ಲೇ ಅರ್ಧ ಕೆಲಸ ಕೆಡಬಹುದು. ಬ್ರಾಕೆಟ್ಟಿನ ರಿವೆಟ್ಟುಗಳನ್ನು ಗ್ಯಾಸ್ ಕಟರ್‌ನಿಂದ ಹಾರಿಸುವುದು ಬೇಗ ಆಗುತ್ತದೆ, ನಿಜ. ಆದರೆ ಜ್ವಾಲೆ ತೂತಿನ ಅಂಚನ್ನು ಕಚ್ಚುತ್ತದೆ, ಸುತ್ತಲಿನ ಉಕ್ಕಿನ ಹದ ಕೆಡಿಸುತ್ತದೆ. ಅಮೆರಿಕದ ಭಾರಿ ಟ್ರಕ್ಕುಗಳ ಚಾಸಿ ಹೆಚ್ಚಾಗಿ ಶಾಖೋಪಚಾರದಿಂದ ಬಲ ಪಡೆದ ಉಕ್ಕು; ಅಲ್ಲಿ ಚಾಸಿಯನ್ನು ಕಾಯಿಸುವುದು, ಮನಬಂದಂತೆ ವೆಲ್ಡ್ ಮಾಡುವುದು ನಿಷಿದ್ಧ. ತಲೆಯನ್ನು ಗ್ರೈಂಡರ್‌ನಿಂದ ಸವೆಸಿ, ನಡುವೆ ಡ್ರಿಲ್ ಹೊಡೆದು, ಪಂಚ್ ಇಟ್ಟು ತಟ್ಟಿದರೆ ರಿವೆಟ್ಟು ಮರ್ಯಾದೆಯಿಂದ ಹೊರಬರುತ್ತದೆ.

ಹೊಸ ತೂತು ಬೇಕಾದರೆ ಎಲ್ಲಿ? ಚಾಸಿಯ ಉದ್ದ ತೊಲೆಗೆ ಮೇಲೊಂದು ಕೆಳಗೊಂದು ಮಡಿಚಿದ ಅಂಚು, ನಡುವೆ ನಿಂತ ಗೋಡೆ. ಹೊರೆ ಬಿದ್ದು ತೊಲೆ ಬಾಗಿದಾಗ ಒಂದು ಅಂಚು ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಗೋಡೆಯ ನಡುಮಟ್ಟದಲ್ಲಿ ಈ ಬಾಗಿನ ಒತ್ತಡ ಹೆಚ್ಚುಕಡಿಮೆ ಸೊನ್ನೆ. ತೂತು ಗೋಡೆಗೆ ಮಾತ್ರ, ಅಂಚಿಗೆ ಕೂಡದು. ಹಿಗ್ಗುವ ಅಂಚಿನಲ್ಲಿ ಹೊಡೆದ ಒಂದು ತೂತಿನಿಂದ ಬಿರುಕು ಹೊರಟು, ಗೋಡೆಯನ್ನೇ ಸೀಳಿಕೊಂಡು ಮೇಲೇರಿದ ಚಾಸಿಗಳನ್ನು ಯಾವ ಹಳೆಯ ಫಿಟ್ಟರ್ ಬೇಕಾದರೂ ತೋರಿಸಿಯಾನು.

ಇನ್ನು ಬೋಲ್ಟು. ಓದುಗರು ಎಡವುವುದೇ ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ.

ಬ್ರಾಕೆಟ್ ಚಾಸಿಗೆ ಹೇಗೆ ನಿಂತಿದೆ ಎಂದು ಕೇಳಿದರೆ ಬೋಲ್ಟಿನ ಮೇಲೆ ಜೋತುಬಿದ್ದಿದೆ ಎನ್ನುತ್ತಾರೆ ಬಹಳ ಜನ, ಗೋಡೆಯ ಮೊಳೆಗೆ ಅಂಗಿ ಜೋತುಬಿದ್ದ ಹಾಗೆ. ಹಾಗೆ ಜೋತುಬಿದ್ದಿದ್ದರೆ ಅದು ಬಹಳ ದಿನ ಉಳಿಯುತ್ತಿರಲಿಲ್ಲ. ಬಿಗಿದಾಗ ಬೋಲ್ಟು ಕೊಂಚ ಹಿಗ್ಗುತ್ತದೆ. ಮತ್ತೆ ಕುಗ್ಗಲು ಹವಣಿಸುತ್ತ ಬ್ರಾಕೆಟ್ಟನ್ನೂ ಚಾಸಿಯನ್ನೂ ಒಂದಕ್ಕೊಂದು ಅದುಮುತ್ತದೆ. ಆ ಅದುಮಿನಿಂದ ಹುಟ್ಟುವ ಘರ್ಷಣೆಯೇ ಹೊರೆಯನ್ನು ಹೊರುವುದು. ತಲೆಯ ಮೇಲೆ 10.9 ಎಂದು ಬರೆದ 16 ಮಿ.ಮೀ. ಬೋಲ್ಟನ್ನು ಸರಿಯಾಗಿ ಬಿಗಿದರೆ ಅದು ಸುಮಾರು 9ರಿಂದ 10 ಟನ್ ಬಲದಿಂದ ಅದುಮುತ್ತದೆ. ಅದರಲ್ಲಿ ಆರೇಳರಲ್ಲೊಂದು ಪಾಲು, ಅಂದರೆ ಒಂದೂವರೆ ಟನ್ನಿನ ಆಸುಪಾಸು, ಅಡ್ಡಹೊರೆ ತಡೆಯಲು ಸಿಗುತ್ತದೆ. ಒಂದು ಬ್ರಾಕೆಟ್ಟಿಗೆ ಅಷ್ಟೊಂದು ಬೋಲ್ಟು ಯಾಕೆ ಎಂಬ ಪ್ರಶ್ನೆಗೆ ಇದೇ ಉತ್ತರ.

ಎಷ್ಟು ಹಿಗ್ಗುತ್ತದೆ? ಹಿಡಿತದ ಉದ್ದ 50 ಮಿ.ಮೀ. ಇದ್ದರೆ ಬರೀ 0.12ರಿಂದ 0.15 ಮಿ.ಮೀ. ಈ ಕಿರು ಅಂಕಿಯಲ್ಲೇ ಇಡೀ ಕಥೆ ಅಡಗಿದೆ. ಬ್ರಾಕೆಟ್ಟಿಗೂ ಚಾಸಿಗೂ ನಡುವೆ ದಪ್ಪ ಬಣ್ಣದ ಪದರ ಸಿಕ್ಕಿಕೊಂಡು, ದಿನ ಕಳೆದಂತೆ ಅದು 0.05 ಮಿ.ಮೀ. ಕುಗ್ಗಿತೆನ್ನಿ. ನಟ್ಟು ಒಂದಿಷ್ಟೂ ತಿರುಗಿಲ್ಲ, ಆದರೆ ಬಿಗಿಯ ಮೂರನೇ ಒಂದು ಪಾಲು ಆಗಲೇ ಮಾಯ. ಆದ್ದರಿಂದ ಕೂಡುವ ಮೈಗಳನ್ನು ಕೆರೆದು ಲೋಹ ಕಾಣಿಸಿ, ತೆಳು ಪ್ರೈಮರ್ ಮಾತ್ರ ಹಚ್ಚಬೇಕು. ಗಾಡಿಯನ್ನು ಹೊಳೆಯುವಂತೆ ಪೇಂಟ್ ಮಾಡಿಸಿ, ಆಮೇಲೆ ಬ್ರಾಕೆಟ್ ಕೂರಿಸುವುದು ನೋಡಲು ಚಂದ, ಅಷ್ಟೇ.

ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜೋತುಬಿದ್ದರೆ ಬಿಗಿ ಸಾಕಾಯಿತೇ? ಹಾಕಿದ ತಿರುಚುಬಲದಲ್ಲಿ ಅರ್ಧದಷ್ಟು ನಟ್ಟಿನ ಅಡಿಯ ಘರ್ಷಣೆಗೆ, ಇನ್ನು ನೂರಕ್ಕೆ 40ರಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ದಕ್ಕುವುದು ಸುಮಾರು 10 ಪಾಲು. ತುಕ್ಕು ಹಿಡಿದ ಥ್ರೆಡ್ಡಾದರೆ ಆ ಹತ್ತೂ ಇಲ್ಲ. ತೋಳು ಸೋತರೂ ಬೋಲ್ಟು ಹಿಗ್ಗಿರುವುದಿಲ್ಲ. ಎಣ್ಣೆ ಸುರಿದ ಥ್ರೆಡ್ಡಾದರೆ ಅದೇ ಬಲಕ್ಕೆ ಬೋಲ್ಟು ಮಿತಿ ಮೀರಿ ಹಿಗ್ಗಿಬಿಡಬಹುದು. ಟಾರ್ಕ್ ವ್ರೆಂಚ್ ಬೇಕೇ ಬೇಕು. ಜೊತೆಗೆ ಕೈಪಿಡಿಯ ಅಂಕಿ ಒಣ ಥ್ರೆಡ್ಡಿಗೋ ಎಣ್ಣೆ ಹಚ್ಚಿದ್ದಕ್ಕೋ ಎಂಬುದನ್ನೂ ಓದಿಕೊಂಡಿರಬೇಕು.

ಸ್ಪ್ರಿಂಗ್ ವಾಷರ್ ಮೇಲಿನ ಭಕ್ತಿಯಂತೂ ಸುಲಭಕ್ಕೆ ಬಿಡುವಂಥದ್ದಲ್ಲ. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಯಂತ್ರವಿಟ್ಟು ತೋರಿಸಿದರು: ನಟ್ಟನ್ನು ಬಿಚ್ಚುವುದು ಅಡ್ಡಡ್ಡಕ್ಕೆ ಆಗುವ ಚಿಕ್ಕ ಜಾರಾಟ. ಜಾರಾಟವನ್ನು ತಡೆಯುವುದು ಅದುಮು, ವಾಷರ್ ಅಲ್ಲ. ಬೋಲ್ಟು ಪೂರ್ತಿ ಬಿಗಿಯುವಷ್ಟರಲ್ಲಿ ಆ ಸೀಳುವಾಷರ್ ಚಪ್ಪಟೆಯಾಗಿ ಸಾದಾ ವಾಷರ್ ಆಗಿರುತ್ತದೆ, ಲಾಕ್ ಮಾಡಲು ಅದರಿಂದ ಉಪಯೋಗವಿಲ್ಲ ಎಂದು ನಾಸಾದ 1990ರ ಬೋಲ್ಟು-ರಿವೆಟ್ಟುಗಳ ಕೈಪಿಡಿ ಖಡಾಖಂಡಿತವಾಗಿ ಹೇಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅದರ ಮಾರಾಟ ಇದರಿಂದೇನೂ ಕುಗ್ಗಿಲ್ಲವೆನ್ನಿ.

ಇದೇ ತರ್ಕ ಕಮಾನು ಕಟ್ಟಿಗೂ ಸಲ್ಲುತ್ತದೆ. ಪಟ್ಟಿಗಳ ನಡುವೆ ತೂರಿದ ಸೆಂಟರ್ ಬೋಲ್ಟು ಆಕ್ಸಲ್ಲನ್ನು ಹಿಡಿದಿದೆ ಎಂಬುದು ಸಾಮಾನ್ಯ ನಂಬಿಕೆ. ಅದರ ಕೆಲಸ ಪಟ್ಟಿಗಳನ್ನು ಜೋಡಿಸಿ, ಕೂರುವ ಜಾಗ ತೋರಿಸುವುದಷ್ಟೇ. ಹಿಡಿಯುವವು ನಾಲ್ಕು ಕಾಲಿನಲ್ಲಿ ಅದುಮುವ ಯು-ಬೋಲ್ಟುಗಳು. ಅವು ಸಡಿಲಾದರೆ ಬ್ರೇಕಿನ ಬಲವೆಲ್ಲ ಆ ಬಡಪಾಯಿ ಬೋಲ್ಟಿನ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ. ಪಟ್ಟಿ ನಡುವಿನ ತೂತಿನಲ್ಲೇ ತುಂಡಾಗಿ ಬಂದಿದ್ದರೆ ಹೊಸ ಪಟ್ಟಿ ಹಾಕುವ ಮುನ್ನ ಯು-ಬೋಲ್ಟುಗಳನ್ನು ಶಂಕಿಸಬೇಕು. ಅವನ್ನು ಬಿಚ್ಚಿದ ಮೇಲೆ ಮತ್ತೆ ಬಳಸುವಂತಿಲ್ಲ, ಒಮ್ಮೆ ಹಿಗ್ಗಿದ ಥ್ರೆಡ್ಡು ಎರಡನೇ ಸಲ ಅಷ್ಟೇ ಬಿಗಿ ಕೊಡುವುದಿಲ್ಲ. ಹೊಸವನ್ನೂ ಮೂಲೆಯಿಂದ ಎದುರುಮೂಲೆಗೆ ಸರದಿಯಲ್ಲಿ ಬಿಗಿದು, ಮೊದಲ ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೊಮ್ಮೆ ಬಿಗಿಯಬೇಕು. ಬಾಡಿಗೆ ಸಿಕ್ಕ ಖುಷಿಯಲ್ಲಿ ಈ ಎರಡನೇ ಭೇಟಿಯೇ ತಪ್ಪಿಹೋಗುವುದು.

ಉಳಿದದ್ದು ಅಳತೆ. ಎರಡು ಹಿಂದಿನ ಆಕ್ಸಲ್‌ಗಳು ಸಮಾಂತರವಾಗಿರಬೇಕು. ಎಡಬಲ ಚಕ್ರಗಳ ನಡುವಿನ 2 ಮೀಟರ್ ಅಗಲದಲ್ಲಿ ಬರೀ 3 ಮಿ.ಮೀ. ವ್ಯತ್ಯಾಸವಾದರೆ, ಪ್ರತಿ ಕಿಲೋಮೀಟರಿಗೆ ಎರಡು ಆಕ್ಸಲ್‌ಗಳ ಟೈರುಗಳು ಸೇರಿ ಒಂದೂವರೆ ಮೀಟರ್ ಅಡ್ಡಕ್ಕೆ ಉಜ್ಜಿಕೊಳ್ಳುತ್ತವೆ. ಮಾಲೀಕರು ಟೈರಿನ ಕಂಪನಿಯನ್ನು ಬೈಯುತ್ತಾರೆ. ಟಾರ್ಕ್ ರಾಡಿನ ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಡಿ ತನ್ನ ಸಹಜ ಎತ್ತರದಲ್ಲಿ ನಿಂತಾಗಲೇ ಬಿಗಿಯಬೇಕು. ಆಕ್ಸಲ್ ಜೋತುಬಿದ್ದಾಗ ಬಿಗಿದರೆ ರಬ್ಬರು ದಿನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಕಮಾನಿನಿಂದ ಎತ್ತರ ಬದಲಾದರೆ ಪ್ರೊಪೆಲ್ಲರ್ ಶಾಫ್ಟಿನ ಕೋನಗಳನ್ನೂ ನೋಡಬೇಕು. ಒಂದು ಕ್ರಾಸ್ ಜಾಯಿಂಟ್ 10 ಡಿಗ್ರಿ ಬಾಗಿದ್ದರೆ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ನೂರಕ್ಕೆ ಒಂದೂವರೆಯಷ್ಟು ಏರಿ ಇಳಿಯುತ್ತದೆ. ಎರಡು ತುದಿಯ ಕೋನ ಸಮವಿದ್ದರೆ ಮಾತ್ರ ಈ ಏರಿಳಿತ ಒಂದನ್ನೊಂದು ಅಳಿಸುತ್ತದೆ.

ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದುತ್ತಿರುವವರು ಒಂದು ಪ್ರಯೋಗ ಮಾಡಿಯೇ ನೋಡಬೇಕು. ಎರಡೂ ತುದಿ ನಯವಾಗಿ ಉಜ್ಜಿದ ಬೋಲ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದು, ಟಾರ್ಕ್ ವ್ರೆಂಚಿನಲ್ಲಿ ಬಿಗಿದು, ಬಿಚ್ಚದೆ ಹಾಗೆಯೇ ಮತ್ತೆ ಅಳೆಯುವುದು. ಒಮ್ಮೆ ಒಣ ಥ್ರೆಡ್ಡಿನಲ್ಲಿ, ಒಮ್ಮೆ ಎಣ್ಣೆ ಹಚ್ಚಿ, ಒಮ್ಮೆ ನಡುವೆ ಬಣ್ಣ ಬಳಿದ ಪ್ಲೇಟು ಇಟ್ಟು. ನಾಸಾದ ಆ ಕೈಪಿಡಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅಳತೆಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಅದರ ಕೋಷ್ಟಕಗಳು ಬೇಗ ಮನಸ್ಸಿಗೆ ಇಳಿಯುತ್ತವೆ.